ಹಲ್ಲಿನ ಮೇಲಿನ ಕಾಣದ ಪೊರೆ

ಕೇಳುಗರಿಗೆ ನಮಸ್ಕಾರ.

ದಂತವೈದ್ಯರ ಬಳಿ ಹಲ್ಲು ಶುಚಿ ಮಾಡಿಸಿಕೊಂಡ ಮೇಲೆ ನಾಲಿಗೆ ಆಡಿಸಿದರೆ ಹಲ್ಲು ಗಾಜಿನಂತೆ ನುಣುಪಾಗಿ ತಾಗುವುದು ನಿಮ್ಮಲ್ಲಿ ಅನೇಕರ ಅನುಭವಕ್ಕೆ ಬಂದಿರಬಹುದು. ಆದರೆ ನೀವು ಕುರ್ಚಿಯಿಂದ ಏಳುವ ಮೊದಲೇ ಲಾಲಾರಸದ ಪ್ರೋಟೀನುಗಳು ಆ ಹಲ್ಲಿನ ಮೇಲೆ ಹೊಸ ಪೊರೆಯೊಂದನ್ನು ಕಟ್ಟತೊಡಗಿರುತ್ತವೆ. ವಿಜ್ಞಾನಿಗಳು ಇದನ್ನು ಪೆಲ್ಲಿಕಲ್ ಎನ್ನುತ್ತಾರೆ. ಇದು ಕೊಳೆಯಲ್ಲ, ನಮ್ಮ ದೇಹವೇ ಹಲ್ಲಿಗೆ ಹೊದಿಸುವ ಹೊದಿಕೆ ಎಂಬುದನ್ನು ಮೊದಲೇ ಒತ್ತಿ ಹೇಳಬಯಸುತ್ತೇನೆ.

ಹಲ್ಲಿನ ಹೊರಕವಚವಾದ ಎನಾಮಲ್‌ನ ತೂಕದಲ್ಲಿ ಶೇಕಡಾ 96ರಷ್ಟು ಖನಿಜವೇ ಇದೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂಡಿ ಆದ ಈ ಹರಳುಗಳಿಗೆ ಲಾಲಾರಸದ ಕೆಲವು ಪ್ರೋಟೀನುಗಳು ಬಲವಾಗಿ ಅಂಟಿಕೊಳ್ಳುತ್ತವೆ. ಅವುಗಳಲ್ಲಿ ಸ್ಟಾಥೆರಿನ್ ಎಂಬುದು ಕೇವಲ 43 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು. ಲಾಲಾರಸದಲ್ಲಿ ಕರಗಿರುವ ಕ್ಯಾಲ್ಸಿಯಂ ಕಂಡಕಂಡಲ್ಲಿ ಗಟ್ಟಿಯಾಗಿ ಕೂರದಂತೆ ತಡೆಯುವುದೂ ಅದರದೇ ಕೆಲಸ. ಕೆಲವೇ ನಿಮಿಷಗಳಲ್ಲಿ ಪೊರೆಯ ದಪ್ಪ 10ರಿಂದ 20 ನ್ಯಾನೊಮೀಟರ್ ಆಗುತ್ತದೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಪೊರೆ ಆ ದಪ್ಪದಲ್ಲಿ ಸ್ವಲ್ಪ ಹೊತ್ತು ನಿಂತು, ಮುಂದಿನ ಗಂಟೆಗಳಲ್ಲಿ ಮ್ಯೂಸಿನ್, ಅಮೈಲೇಸ್, ಲೈಸೊಜೈಮ್ ಮೊದಲಾದ ಲಾಲಾರಸದ ಇತರ ಪ್ರೋಟೀನುಗಳು ಬಂದು ಸೇರಿದಂತೆ ಅದು ಮತ್ತೆ ದಪ್ಪವಾಗುತ್ತದೆ.

ಇಷ್ಟು ತೆಳುವಾದುದನ್ನು ಅಧ್ಯಯನ ಮಾಡುವುದು ಹೇಗೆ? ಲಾಲಾರಸವನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಅದರಲ್ಲಿ ಎನಾಮಲ್ ಚೂರನ್ನು ಅದ್ದಿಡಬಹುದು. ಆದರೆ ಬಾಯಿಂದ ಹೊರಬಿದ್ದ ಲಾಲಾರಸ ಬೇಗನೆ ಬದಲಾಗುತ್ತದೆ, ಅದರಲ್ಲಿರುವ ಕಿಣ್ವಗಳೇ ಅದರ ಪ್ರೋಟೀನುಗಳನ್ನು ಕತ್ತರಿಸತೊಡಗುತ್ತವೆ. ಆದ್ದರಿಂದ ಜೀವಂತ ಬಾಯಿಯೇ ನಿಜವಾದ ಪ್ರಯೋಗಶಾಲೆ ಎಂದು ನಾನು ನಂಬುತ್ತೇನೆ. ಕಿತ್ತ ಹಲ್ಲಿನಿಂದ, ಕೆಲವೊಮ್ಮೆ ದನದ ಹಲ್ಲಿನಿಂದ ಕೊಯ್ದು, ಉಜ್ಜಿ, ಸೋಂಕು ಕಳೆದ ಬಿಲ್ಲೆಗಳನ್ನು ಅಕ್ರಿಲಿಕ್ ಪಟ್ಟಿಗೆ ಕೂರಿಸಿ, ಸ್ವಯಂಸೇವಕರ ಬಾಯಲ್ಲಿ ನಿಗದಿತ ಹೊತ್ತು ಇರಿಸುತ್ತಾರೆ. ಆಮೇಲೆ ಬಿಲ್ಲೆಯನ್ನು ನೀರಿನಲ್ಲಿ ತೊಳೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹರಳುಗಳಿಗೆ ತಾಗಿದ ಕಡೆ ದಟ್ಟವಾದ ಅಂಚು, ಅದರ ಮೇಲೆ ಸಡಿಲವಾದ, ಗಂಟುಗಂಟಾದ ಪದರ ಕಾಣುತ್ತದೆ. ಪೊರೆಯಲ್ಲಿ ಏನೇನಿದೆ ಎಂದು ತಿಳಿಯಬೇಕಾದಾಗ ಪ್ಯೂಮಿಸ್ ಪುಡಿಯಿಂದ ಹಲ್ಲನ್ನು ಉಜ್ಜಿ ಹಳೆಯ ಪೊರೆ ತೆಗೆದು, ಎರಡು ಗಂಟೆ ಕಾದು, ಸೋಡಾ ದ್ರಾವಣದಲ್ಲಿ ನೆನೆಸಿದ ಸಣ್ಣ ಪಟ್ಟಿಯಿಂದ ಹಲ್ಲಿನ ಮೈಯನ್ನು ಒರೆಸಿ ತೆಗೆಯುವ ಕ್ರಮವಿದೆ. ಹೀಗೆ ಸಿಗುವುದು ಮೈಕ್ರೊಗ್ರಾಂ ಲೆಕ್ಕದ ವಸ್ತು. ಆದರೂ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದರಲ್ಲಿ 130 ಪ್ರೋಟೀನುಗಳನ್ನು ಗುರುತಿಸಿತು. ಅವುಗಳಲ್ಲಿ ಕೆಲವು ಲಾಲಾಗ್ರಂಥಿಗಳಿಂದ, ಕೆಲವು ರಕ್ತದ ಸೀರಮ್‌ನಿಂದ, ಬಹುಪಾಲು ಜೀವಕೋಶಗಳಿಂದ ಬಂದವು.

ಈ ಪೊರೆ ಹಲ್ಲನ್ನು ಕಾಯುತ್ತದೆ, ಸೂಕ್ಷ್ಮಜೀವಿಗಳಿಗೆ ಎಡೆಯನ್ನೂ ಕೊಡುತ್ತದೆ. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇರುವುದು ಇಲ್ಲಿಯೇ. ಸ್ಟ್ರೆಪ್ಟೊಕಾಕಸ್ ವರ್ಗದ ಬ್ಯಾಕ್ಟೀರಿಯಾಗಳು ಮೊದಲು ಅಂಟಿಕೊಳ್ಳುವುದು ಬರಿ ಎನಾಮಲ್‌ಗೆ ಅಲ್ಲ, ಪೊರೆಯ ಪ್ರೋಟೀನುಗಳಿಗೆ. ಪ್ಲಾಕ್ ಎಂಬ ಪಾಚಿ ಬೆಳೆಯುವುದು ಅಲ್ಲಿಂದ ಮುಂದೆ. ಮಂಡ್ಯದ ಕಡೆಯವರಿಗೆ ಕಬ್ಬಿನ ಹಾಲಿನ ರುಚಿ ಹೇಳಿಕೊಡಬೇಕಾಗಿಲ್ಲ. ಆ ಹಾಲಿನಲ್ಲಿ ಹೇರಳವಾಗಿರುವ ಸುಕ್ರೋಸ್ ಬಾಯಿಗೆ ಬಿದ್ದಾಗ, ಬ್ಯಾಕ್ಟೀರಿಯಾಗಳು ಹೊರಸೂಸಿದ, ಪೊರೆಯಲ್ಲಿ ನೆಲೆಸಿರುವ ಕಿಣ್ವವೊಂದು ಅದನ್ನು ಗ್ಲುಕಾನ್ ಎಂಬ ಅಂಟಾಗಿ ಅಲ್ಲಿಯೇ ಮಾರ್ಪಡಿಸುತ್ತದೆ, ಅದೇ ಅಂಟನ್ನು ಹಿಡಿದು ಇನ್ನಷ್ಟು ಬ್ಯಾಕ್ಟೀರಿಯಾಗಳು ನೆಲೆ ಕಂಡುಕೊಳ್ಳುತ್ತವೆ. ಅದೇ ಹಾಲಿಗೆ ನಿಂಬೆ ಹಿಂಡಿದ್ದರೆ, ಆಮ್ಲ ಹರಳುಗಳನ್ನು ತಲಪುವ ವೇಗವನ್ನು ತಗ್ಗಿಸುವುದೂ ಈ ಪೊರೆಯೇ. ತಗ್ಗಿಸುತ್ತದೆ ಎಂದೆ, ಪೂರ್ತಿ ತಡೆಯುವ ಶಕ್ತಿ ಅದಕ್ಕಿಲ್ಲ.

ಮೈಸೂರಿನ ವೀಳ್ಯದೆಲೆಯ ಜೊತೆ ಅಡಿಕೆ ಮೆಲ್ಲುವವರ ಹಲ್ಲಿಗೆ ಹಿಡಿಯುವ ಕೆಂಗಂದು ಬಣ್ಣಕ್ಕೂ ಇದಕ್ಕೂ ಸಂಬಂಧವಿದೆ. ಅಡಿಕೆಯಲ್ಲಿಯೂ ಚಹಾದಲ್ಲಿಯೂ ಇರುವ, ಒಗರು ರುಚಿ ಕೊಡುವ ಟ್ಯಾನಿನ್‌ಗಳು ಪೊರೆಯ ಪ್ರೋಟೀನುಗಳಿಗೆ ಬಿಗಿಯಾಗಿ ಕೂಡಿಕೊಳ್ಳುತ್ತವೆ. ಚಹಾದ ಟ್ಯಾನಿನ್ ಸೇರಿದ ಪೊರೆ ದಪ್ಪವಾಗುವುದನ್ನು ಪ್ರಯೋಗಗಳು ತೋರಿಸಿವೆ. ಹಾಗೆಂದು ಅಡಿಕೆಯನ್ನು ಯಾರೂ ಔಷಧವೆಂದು ತಿಳಿಯಬಾರದು. ಅದು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ಸಂಗತಿ.

ಪೊರೆ ಬಾಯಿಯ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಮೇಲಿನ ಮುಂಬಾಚಿ ಹಲ್ಲುಗಳ ಒಳಮೈಗೆ ನಾಲಿಗೆ ಸದಾ ಉಜ್ಜುತ್ತಿರುವುದರಿಂದ, ಲಾಲಾರಸವೂ ಅಲ್ಲಿಗೆ ಕಡಿಮೆ ಸಿಗುವುದರಿಂದ ಅಲ್ಲಿ ಅದು ತೆಳು. ಹುಳಿತೇಗು ಇರುವವರಲ್ಲಿ ಆ ಭಾಗವೇ ಹೆಚ್ಚಾಗಿ ಸವೆಯುತ್ತದೆ. ಮುಪ್ಪಿನಲ್ಲಿ ಹಲವು ಮಾತ್ರೆಗಳಿಂದ, ಸಕ್ಕರೆ ಕಾಯಿಲೆಯಿಂದ, ಇಲ್ಲವೆ ಕುತ್ತಿಗೆಗೆ ಕೊಟ್ಟ ವಿಕಿರಣ ಚಿಕಿತ್ಸೆಯಿಂದ ಲಾಲಾರಸ ಬತ್ತಿದಾಗ ಹಲ್ಲಿನ ಈ ರಕ್ಷಣೆಯೂ ಕುಗ್ಗುತ್ತದೆ, ಹುಳುಕು ಬೇಗ ಹಬ್ಬುತ್ತದೆ. ಮನೆಯ ಹಿರಿಯರು ಬಾಯಿ ಒಣಗುತ್ತದೆ, ರೊಟ್ಟಿ ನುಂಗಲು ನೀರು ಬೇಕು ಎಂದರೆ ವಯಸ್ಸಾಯಿತೆಂದು ಸುಮ್ಮನಿರದೆ, ಅವರು ನುಂಗುವ ಮಾತ್ರೆಗಳ ಚೀಟಿಯ ಸಮೇತ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ನಮಸ್ಕಾರ.