ಪೆನ್‌ಡ್ರೈವ್ ಹಾಕುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೇ ಯಾರಾದರೂ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿರುತ್ತಾರೆ. ಹೋದ ವರ್ಷ ಒಂದು ದಿನ ಹಾಗೆ ನಿಂತಿದ್ದವರು ಜೇವರ್ಗಿ ಕಡೆಯ ಒಬ್ಬ ಟೀಚರ್. ಅವರ ಕೈಯಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ, ಒಂದು ಪೆನ್‌ಡ್ರೈವ್ ಇತ್ತು. ಮುಖ ಬಾಡಿತ್ತು. "ಅಣ್ಣಾರ, ಇದರಾಗ ನನ್ನ ಐದು ವರ್ಷದ ನೋಟ್ಸ್ ಅದಾವ್ರಿ. ಝೆರಾಕ್ಸ್ ಅಂಗಡಿಯಾಗ ಪ್ರಿಂಟ್ ತೆಗಿಸ್ಕೊಂಡು ಮನಿಗೆ ಬಂದ್ ನೋಡಿದ್ರ ಒಂದೂ ಓಪನ್ ಆಗವಲ್ದ್ರಿ" ಅಂದರು.

ಹಾಕಿ ನೋಡಿದೆ. ಫೋಲ್ಡರುಗಳು ಇದ್ದ ಹಾಗೇ ಕಾಣುತ್ತಿದ್ದವು. ಆದರೆ ಪ್ರತಿಯೊಂದರ ಎಡಗಡೆ ಕೆಳಮೂಲೆಯಲ್ಲಿ ಒಂದು ಚಿಕ್ಕ ಬಾಣದ ಗುರುತು. ಸೈಜ್ ನೋಡಿದರೆ 2 ಕೆಬಿ. ಐದು ವರ್ಷದ ನೋಟ್ಸ್ 2 ಕೆಬಿಯಲ್ಲಿ ಹಿಡಿಯುವುದು ಹೇಗೆ? ಅವು ಫೋಲ್ಡರ್ ಆಗಿರಲಿಲ್ಲ, ಶಾರ್ಟ್‌ಕಟ್, ಅಂದರೆ ಬೇರೊಂದನ್ನು ತೆರೆಯುವ ಬರೀ ಕೊಂಡಿ. ಒಂದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಒಳಗಿರುವ ವೈರಸ್ ಓಡಲು ಶುರು. ನಿಜವಾದ ಫೋಲ್ಡರುಗಳನ್ನು ಅದೇ ವೈರಸ್ ಮರೆ ಮಾಡಿ ಇಟ್ಟಿತ್ತು. ಅಳಿಸಿರಲಿಲ್ಲ, ಬರೀ ಮರೆ.

ಯಾರೋ ಆ ಟೀಚರಿಗೆ "ಫಾರ್ಮ್ಯಾಟ್ ಹೊಡೀರಿ, ಸರಿ ಆಗ್ತದ" ಅಂತ ಹೇಳಿದ್ದರಂತೆ. ಹೊಡೆದಿದ್ದರೆ ನೋಟ್ಸೂ ಅಳಿಸಿಹೋಗುತ್ತಿದ್ದವು. ಪುಣ್ಯಕ್ಕೆ ಅವರು ಹೊಡೆದಿರಲಿಲ್ಲ. ಮೊದಲು ಪೆನ್‌ಡ್ರೈವಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್' ಒತ್ತಿದೆ. ವೈರಸ್ ಹೋಯಿತು. ಆಮೇಲೆ 'ಅಟ್ರಿಬ್' ಅಂತ ಒಂದು ಸಾಲಿನ ಕಮಾಂಡ್. ಮರೆಯಾದದ್ದೆಲ್ಲ ಎದ್ದು ಬಂತು. ಹತ್ತು ನಿಮಿಷದ ಕೆಲಸ. ಟೀಚರ್ ಸ್ಟೂಲ್ ಮೇಲೆ ಕೂತು ಆರನೇ ತರಗತಿಯದು, ಏಳನೆಯದು ಅಂತ ಒಂದೊಂದೇ ತೆರೆದು ನೋಡಿದರು. ಆಮೇಲೇ ಎದ್ದದ್ದು.

ಈ ಎರಡು ಸಾಮಾನೂ, ಡಿಫೆಂಡರ್ ಮತ್ತು ಅಟ್ರಿಬ್, ವಿಂಡೋಸ್ ಜೊತೆಗೇ ಬಂದವು. ನಾನು ಹೊರಗಿಂದ ಏನೂ ತರಲಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದದ್ದೂ ಇದನ್ನೇ. ಬೇಕಾದ ಬೀಗ, ಚಿಲಕ ವಿಂಡೋಸ್ ಒಳಗೇ ಇವೆ. ಅಪಾಯವನ್ನು ಮಾತ್ರ ಬಹಳ ಸಲ ನಾವೇ ಕೈಯಾರೆ ಹೊರಗಿಂದ ತಂದುಕೊಳ್ಳುತ್ತೇವೆ. ಪೆನ್ನು, ಕಾಗದ ಹತ್ತಿರ ಇದ್ದರೆ ತಗೊಳ್ಳಿ. ರೇಡಿಯೊದಲ್ಲಿ ಪರದೆ ತೋರಿಸಲು ಆಗುವುದಿಲ್ಲ, ಅದಕ್ಕೆ ನಿಧಾನಕ್ಕೆ ಹೇಳುತ್ತೇನೆ.

ವಿಂಡೋಸ್ 8 ಬಂದಾಗಿನಿಂದ ಆಂಟಿವೈರಸ್, ಅಂದರೆ ಈ ಡಿಫೆಂಡರ್, ಒಳಗೇ ಇದೆ. ಮನೆಯ ಬಳಕೆಗೆ, ಸಣ್ಣ ಅಂಗಡಿಗೆ ಅದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದನ್ನು ಆಫ್ ಮಾಡಿ ಇಟ್ಟವರೇ ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಯಾಕೆ ಆಫ್ ಮಾಡಿದಿರಿ ಅಂದರೆ ಕಾರಣ ಹೆಚ್ಚುಕಡಿಮೆ ಒಂದೇ. ವಿಂಡೋಸ್ ಅಥವಾ ಆಫೀಸನ್ನು ದುಡ್ಡು ಕೊಡದೆ ನಡೆಸಲು ಒಂದು ಆಕ್ಟಿವೇಟರ್ ಹಾಕಿರುತ್ತಾರೆ. ಅದು ಮೊದಲು ಕೇಳುವುದೇ 'ಆಂಟಿವೈರಸ್ ಆಫ್ ಮಾಡಿ' ಅಂತ. ಮನೆಗೆ ಬಂದ ಅಪರಿಚಿತ ಮೊದಲು ನಾಯಿಯನ್ನು ಕಟ್ಟಿಹಾಕಿ ಅಂದರೆ ನಮಗೆ ಅನುಮಾನ ಬರುತ್ತದೆ, ಅಲ್ವಾ? ಇಲ್ಲೂ ಬರಬೇಕು. ಆಫೀಸಿಗೆ ದುಡ್ಡು ಕೊಡಲು ಆಗದಿದ್ದರೆ ಲಿಬ್ರೆಆಫೀಸ್ ಇದೆ. ಪೂರ್ತಿ ಉಚಿತ, ಕಾನೂನುಬದ್ಧ. ಪತ್ರ, ಪಟ್ಟಿ, ಲೆಕ್ಕ ಎಲ್ಲ ಆಗುತ್ತದೆ. ವಿಡಿಯೊ ನೋಡಲು ವಿಎಲ್‌ಸಿ. ಜಿಪ್ ಫೈಲ್ ಬಿಚ್ಚಲು 7-ಜಿಪ್. ಇವನ್ನು ಆಯಾ ಸಾಫ್ಟ್‌ವೇರಿನ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಜಾಹೀರಾತು ಅಂತ ಬರುವ ಲಿಂಕ್ ಎಷ್ಟೋ ಸಲ ನಕಲಿ.

ಇನ್ನು ಗಂಜಿನ, ಅಂದರೆ ದವಸದ ಮಾರುಕಟ್ಟೆಯ, ಕಥೆ. ತೊಗರಿಯ ಸುಗ್ಗಿ. ನೆಹರು ಗಂಜಿನ ಒಂದು ಅಡತ್ ಅಂಗಡಿಯಿಂದ ಫೋನ್ ಬಂತು. ಹೋದೆ. ವಯಸ್ಸಾದ ಮುನೀಮರು ಕಂಪ್ಯೂಟರ್ ಮುಂದೆ ಕೈ ಕಟ್ಟಿ ಕೂತಿದ್ದರು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆರೆಯುತ್ತಿರಲಿಲ್ಲ. ಫೈಲುಗಳ ಹೆಸರಿನ ಹಿಂದೆಲ್ಲ ಅರ್ಥವಿಲ್ಲದ ಅಕ್ಷರಗಳ ಬಾಲ. ಡೆಸ್ಕ್‌ಟಾಪ್ ಮೇಲೆ ಒಂದು ಚೀಟಿ: ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೊಟ್ಟರೆ ಮಾತ್ರ ಬೀಗ ತೆಗೆಯುತ್ತೇವೆ ಅಂತ. ಇದಕ್ಕೆ ರ‍್ಯಾನ್ಸಮ್‌ವೇರ್ ಅನ್ನುತ್ತಾರೆ.

"ಕಾಕಾ, ಬ್ಯಾಕಪ್ ಅದ ಏನ್ರಿ?" ಅಂತ ಕೇಳಿದೆ.

"ಅದ ತಮ್ಮಾ. ಇಲ್ಲೇ ಚುಚ್ಚೇ ಅದ ನೋಡು" ಅಂದರು.

ಸಿಪಿಯು ಹಿಂದೆ ಒಂದು ಹಾರ್ಡ್‌ಡಿಸ್ಕ್. ಅದರ ವೈರನ್ನು ತಿಂಗಳುಗಟ್ಟಲೆ ಯಾರೂ ಕಿತ್ತಿರಲಿಲ್ಲ, ಮೇಲೆ ಧೂಳು ಕೂತಿತ್ತು. ಕಂಪ್ಯೂಟರಿಗೆ ತಗುಲಿಕೊಂಡೇ ಇದ್ದದ್ದರಿಂದ ಅದರೊಳಗಿನ ಫೈಲುಗಳಿಗೂ ಬೀಗ ಬಿದ್ದಿತ್ತು. ಬ್ಯಾಕಪ್ ಮಾಡಿದ ಮೇಲೆ ವೈರ್ ಕಿತ್ತು ಬೇರೆ ಕಡೆ ಇಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ದುಡ್ಡು ಕಟ್ಟುವುದು ಬೇಡ ಅಂದೆ. ಕಟ್ಟಿದರೂ ಬೀಗ ತೆಗೆಯುತ್ತಾರೆ ಅಂತ ಏನು ಗ್ಯಾರಂಟಿ? 'ನೋ ಮೋರ್ ರ‍್ಯಾನ್ಸಮ್' ಅಂತ ಒಂದು ವೆಬ್‌ಸೈಟ್ ಇದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಕೆಲವು ಸೆಕ್ಯುರಿಟಿ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಬೀಗಗಳಿಗೆ ಕೀಲಿ ಅಲ್ಲಿ ಉಚಿತವಾಗಿ ಸಿಗುತ್ತದೆ. ನಾವೂ ಹುಡುಕಿದೆವು, ನಮ್ಮದಕ್ಕೆ ಇರಲಿಲ್ಲ. ಕಡೆಗೆ ಆಡಿಟರ್ ಹತ್ತಿರ ಮೂರು ತಿಂಗಳ ಹಿಂದಿನ ಕಾಪಿ ಸಿಕ್ಕಿತು. ಅಲ್ಲಿಂದ ಈಚೆಗಿನ ಲೆಕ್ಕವನ್ನು ರೈತರಿಗೆ ಕೊಟ್ಟ ಪಟ್ಟಿಗಳ ಕಾರ್ಬನ್ ಪ್ರತಿ ನೋಡಿ ಮತ್ತೆ ಬರೆದರು. ಸುಗ್ಗಿಯ ಗದ್ದಲದ ನಡುವೆ ಎರಡು ರಾತ್ರಿ ಆ ಮುನೀಮರು ಮನೆಗೆ ಹೋಗಲಿಲ್ಲ. ಅವರ ಕಣ್ಣು ಕೆಂಪಾಗಿದ್ದು ನನಗೆ ಈಗಲೂ ನೆನಪಿದೆ. ಈಗ ಪ್ರತಿ ಶನಿವಾರ ಸಂಜೆ ಬ್ಯಾಕಪ್ ಮುಗಿದ ಕೂಡಲೇ ಅವರೇ ವೈರ್ ಕಿತ್ತು, ಹಾರ್ಡ್‌ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ತಿಜೋರಿಯಲ್ಲಿ ಲೆಕ್ಕದ ವಹಿಗಳ ಜೊತೆ ಇಡುತ್ತಾರೆ.

ಆ ವೈರಸ್ ಒಳಗೆ ಬಂದದ್ದು ಒಂದು ಇಮೇಲಿನಿಂದ. ಬಿಲ್ ಅಂತ ಕಾಣುವ ಫೈಲ್. ಹೆಸರು 'ಇನ್‌ವಾಯ್ಸ್ ಡಾಟ್ ಪಿಡಿಎಫ್'. ನಿಜವಾದ ಪೂರ್ತಿ ಹೆಸರು 'ಇನ್‌ವಾಯ್ಸ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ'. ಕೊನೆಯ 'ಇಎಕ್ಸ್ಇ' ಅಂದರೆ ಅದು ಕಾಗದವಲ್ಲ, ಓಡುವ ಪ್ರೋಗ್ರಾಂ. ಆ ಬಾಲವನ್ನು ವಿಂಡೋಸ್ ತಾನಾಗಿಯೇ ಮರೆ ಮಾಡಿ ತೋರಿಸುತ್ತದೆ. ಇದೊಂದು ಪದ್ಧತಿ ನನಗೆ ಯಾವತ್ತೂ ಸರಿ ಕಂಡಿಲ್ಲ. ಇವತ್ತೇ ಬದಲಾಯಿಸಿ, ಬರೆದುಕೊಳ್ಳಿ: ಫೈಲ್ ಎಕ್ಸ್‌ಪ್ಲೋರರ್ ತೆರೆಯಿರಿ. ಮೇಲೆ 'ವ್ಯೂ' ಅಂತ ಇದೆ. ವಿಂಡೋಸ್ 11 ಆದರೆ ಅದರೊಳಗೆ 'ಶೋ', ಆಮೇಲೆ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್'. ವಿಂಡೋಸ್ 10 ಆದರೆ 'ವ್ಯೂ' ಒತ್ತಿದ ಕೂಡಲೇ ಅದೇ ಹೆಸರಿನ ಒಂದು ಚೌಕ ಕಾಣುತ್ತದೆ, ಟಿಕ್ ಹಾಕಿ. ಅಷ್ಟೇ. ಇನ್ನು ಮುಂದೆ ಪ್ರತಿ ಫೈಲಿನ ಬಾಲ ಕಣ್ಣಿಗೆ ಬೀಳುತ್ತದೆ.

ಅಪ್‌ಡೇಟ್ ವಿಷಯ. ಕೆಲಸದ ಮಧ್ಯೆ ಬಂದು ಕಾಡುತ್ತದೆ ಅಂತ ಬಹಳ ಜನ ಅದನ್ನು ನಿಲ್ಲಿಸಿಬಿಡುತ್ತಾರೆ. 2017ರ ಮೇ 12ರಂದು ವಾನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಹಬ್ಬಿತು. ನೂರೈವತ್ತರಷ್ಟು ದೇಶಗಳು, ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಆಪರೇಷನ್ ಮುಂದಕ್ಕೆ ಹಾಕಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ ಕೊಟ್ಟಿತ್ತು. ಹಾಕಿಕೊಂಡವರಿಗೆ ಏನೂ ಆಗಲಿಲ್ಲ. ರಾತ್ರಿ ಮಲಗುವ ಮುಂಚೆ 'ಅಪ್‌ಡೇಟ್ ಆಂಡ್ ಶಟ್ ಡೌನ್' ಅಂತ ಕಂಡರೆ ಅದನ್ನೇ ಒತ್ತಿ.

ನಿಮ್ಮದು ಯಾವ ವಿಂಡೋಸ್ ಅಂತ ಗೊತ್ತಿಲ್ಲವೇ? ವಿಂಡೋಸ್ ಗುರುತಿನ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಚಿಕ್ಕ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಡಬ್ಲ್ಯು ಐ ಎನ್ ವಿ ಇ ಆರ್, 'ವಿನ್‌ವರ್' ಅಂತ ಬರೆದು ಎಂಟರ್ ಹೊಡೆಯಿರಿ. 10 ಅಂತ ಬಂದರೆ ಗಮನ ಕೊಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಮನೆ ಬಳಕೆದಾರರು ಹೆಸರು ನೋಂದಾಯಿಸಿದರೆ ಅಲ್ಲಿಂದ ಒಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ಏರ್ಪಾಡು ಮಾಡಿದರು. ವಿಂಡೋಸ್ 11 ಹಾಕಲು ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಸೌಲಭ್ಯ ಬೇಕು. ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಇಲ್ಲದ ಹಳೆ ಯಂತ್ರದಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ ಅನ್ನುವುದು ನನ್ನ ಕಳಕಳಿಯ ಮಾತು.

ಹೊಸ ಲ್ಯಾಪ್‌ಟಾಪ್ ತಗೊಳ್ಳುವ ಮಕ್ಕಳಿಗೆ ಒಂದು ಮಾತು. ಅಂಗಡಿಯವರು ಎಷ್ಟೋ ಸಲ ತಮ್ಮದೇ ಇಮೇಲ್ ಹಾಕಿ ಲ್ಯಾಪ್‌ಟಾಪ್ ಚಾಲು ಮಾಡಿ ಕೊಟ್ಟುಬಿಡುತ್ತಾರೆ. ಈಗಿನ ವಿಂಡೋಸ್ 11ರಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನೇ ಬೀಳಬಹುದು. ಅದರ 48 ಅಂಕಿಯ ಕೀಲಿ ಆ ಇಮೇಲಿನ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೂತಿರುತ್ತದೆ. ಎರಡು ವರ್ಷದ ನಂತರ ನೀಲಿ ಪರದೆ ಬಂದು ಕೀಲಿ ಕೇಳಿದರೆ ಯಾರನ್ನು ಕೇಳುತ್ತೀರಿ? ಗುಲಬರ್ಗಾ ವಿಶ್ವವಿದ್ಯಾಲಯದ ಒಬ್ಬ ಹುಡುಗಿಯ ಪ್ರಾಜೆಕ್ಟ್ ಹೀಗೇ ಒಳಗೆ ಉಳಿದುಹೋಯಿತು. ನನ್ನ ಕೈಯಲ್ಲಿ ಏನೂ ಮಾಡಲು ಆಗಲಿಲ್ಲ. ನಿಮ್ಮ ಸ್ವಂತ ಇಮೇಲೇ ಹಾಕಿಸಿ, ಆ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ.

ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ಪ್ರಿಂಟ್ ತೆಗೆಸುತ್ತೀರಿ. 371ಜೆ ಅರ್ಜಿಗೋ ಪಹಣಿಗೋ ಹೋಗಿರುತ್ತೀರಿ. ವಾಟ್ಸ್ಆಪ್ ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದು, ಫೈಲ್ ಇಳಿಸಿ, ಪ್ರಿಂಟ್ ತಗೊಂಡು ಎದ್ದು ಬರುತ್ತೀರಿ. ವಾಟ್ಸ್ಆಪ್ ಅಲ್ಲಿ ತೆರೆದೇ ಇರುತ್ತದೆ, ಆಧಾರ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿಯುತ್ತದೆ. ಅಂತಹ ಕಂಪ್ಯೂಟರುಗಳಲ್ಲಿ ನೂರಾರು ಜನರ ಆಧಾರ್ ಸುಮ್ನೆ ಬಿದ್ದಿರುವುದನ್ನು ನಾನೇ ಕಂಡಿದ್ದೇನೆ. ಎದ್ದು ಬರುವ ಮುಂಚೆ ಫೈಲನ್ನು ಆರಿಸಿ ಶಿಫ್ಟ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿ. ಮೊಬೈಲಿನ ವಾಟ್ಸ್ಆಪಿನಲ್ಲಿ 'ಲಿಂಕ್ಡ್ ಡಿವೈಸಸ್'ಗೆ ಹೋಗಿ ಲಾಗೌಟ್ ಮಾಡಿ. ಪೂರ್ತಿ ನಂಬರ್ ಬೇಕಿಲ್ಲದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಮೊದಲ 8 ಅಂಕಿ ಮರೆಯಾಗಿರುತ್ತವೆ.

ಕನ್ನಡ ಟೈಪಿಂಗಿಗೂ ಹೊರಗಿನದೇನೂ ಬೇಕಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಟೈಮ್ ಆಂಡ್ ಲ್ಯಾಂಗ್ವೇಜ್'ಗೆ ಹೋಗಿ ಕನ್ನಡ ಸೇರಿಸಿ. 2019ರಿಂದ ಫೊನೆಟಿಕ್ ಕೀಬೋರ್ಡ್ ಕೂಡ ಇದೆ, ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಮೂಡುತ್ತದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ. ಇದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ. ಹಳೆ ಫಾಂಟಿನ ಫೈಲ್ ಹಾಗೆ ಬೇರೆ ಕಂಪ್ಯೂಟರಿಗೆ ಹೋದರೆ ಇಂಗ್ಲಿಷ್ ಅಕ್ಷರಗಳ ಗೋಜಲಾಗುವುದಿಲ್ಲ.

ಕೊನೆಯದಾಗಿ ಒಂದು. ಬ್ರೌಸರ್ ನೋಡುತ್ತಿರುವಾಗ ಒಮ್ಮೆಲೇ ಪರದೆ ತುಂಬ ಎಚ್ಚರಿಕೆ ಬರುತ್ತದೆ, ಜೋರಾಗಿ ಸದ್ದು, 'ನಿಮ್ಮ ಕಂಪ್ಯೂಟರಿಗೆ ವೈರಸ್, ಈ ನಂಬರಿಗೆ ಫೋನ್ ಮಾಡಿ' ಅಂತ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡಿತು ಅಂದರೆ ಮೋಸ. ಹೆದರಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಬ್ರೌಸರ್ ಆರಿಸಿ 'ಎಂಡ್ ಟಾಸ್ಕ್' ಮಾಡಿ. ಎನಿಡೆಸ್ಕ್ ಅಂದರೆ ದೂರದಲ್ಲಿ ಕೂತವರು ನಮ್ಮ ಕಂಪ್ಯೂಟರ್ ನಡೆಸಲು ಬಿಡುವ ಸಾಫ್ಟ್‌ವೇರ್. ಫೋನಿನಲ್ಲಿ ಯಾರಾದರೂ ಅದನ್ನು ಹಾಕಿಕೊಳ್ಳಿ ಅಂದರೆ ಅಲ್ಲೇ ಫೋನ್ ಇಟ್ಟುಬಿಡಿ.

ಅಕಸ್ಮಾತ್ ದುಡ್ಡು ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ಮನೆಯವರು ಏನಂದಾರು ಅಂತ ಬೆಳಗಿನವರೆಗೆ ಕಾಯಬೇಡಿ. ಎಷ್ಟು ಬೇಗ ತಿಳಿಸಿದರೆ ಆ ದುಡ್ಡನ್ನು ಬ್ಯಾಂಕಿನಲ್ಲೇ ತಡೆಯುವ ಅವಕಾಶ ಅಷ್ಟು ಜಾಸ್ತಿ. ಇಂಥ ಸೈಬರ್ ಮೋಸದ ದೂರಿಗೆ ದೇಶಕ್ಕೆಲ್ಲ ಒಂದೇ ನಂಬರ್, ಬರೆದುಕೊಳ್ಳಿ: 1930. ಇನ್ನೊಮ್ಮೆ ಹೇಳುತ್ತೇನೆ, ಒಂದು, ಒಂಬತ್ತು, ಮೂರು, ಸೊನ್ನೆ.

ನಮಸ್ಕಾರ.