ಎಂಟು ನಿಮಿಷದ ನೀರು

ಕೇಳುಗ ಬಂಧುಗಳಿಗೆ ನಮಸ್ಕಾರ.

ಬೆಂಕಿ ನಂದಿಸುವ ಗಾಡಿ ಬಂತೆಂದರೆ ನೀರು ಬಂತು ಅಂತ ಎಲ್ಲರಿಗೂ ಧೈರ್ಯ. ಎಷ್ಟು ನೀರು ಬಂತು ಅನ್ನುವುದನ್ನು ಇವತ್ತು ಲೆಕ್ಕ ಹಾಕೋಣ. ಹುಬ್ಬಳ್ಳಿ-ಧಾರವಾಡದಂಥ ಊರಿನ ಅಗ್ನಿಶಾಮಕ ಠಾಣೆಯ ಕೆಲಸವೆಲ್ಲ ಆ ಲೆಕ್ಕದ ಸುತ್ತಲೇ ನಡೆಯುತ್ತದೆ.

ಠಾಣೆಗಳಲ್ಲಿ ಹೆಚ್ಚಾಗಿ ಕಾಣುವ ವಾಟರ್ ಟೆಂಡರ್, ಅಂದರೆ ನೀರು ಹೊತ್ತು ಬರುವ ಗಾಡಿಯ ಟ್ಯಾಂಕಿಗೆ ಸುಮಾರು 4500 ಲೀಟರ್ ನೀರು ಹಿಡಿಯುತ್ತದೆ. 20 ಮಿಲಿಮೀಟರ್ ಬಾಯಿಯ ನಾಝಲ್ ಹಾಕಿ 4 ಬಾರ್ ಒತ್ತಡದಲ್ಲಿ ಹೊಡೆದರೆ ನಿಮಿಷಕ್ಕೆ 530 ಲೀಟರ್ ಹೋಗುತ್ತದೆ. ಎಂಟೂವರೆ ನಿಮಿಷಕ್ಕೆ ಟ್ಯಾಂಕ್ ಖಾಲಿ. ಎರಡು ಕಡೆಯಿಂದ ಹೊಡೆದರೆ ನಾಲ್ಕು ನಿಮಿಷ ಚಿಲ್ಲರೆ, ಅಷ್ಟೇ. ಹಾಗಾಗಿ ಒಂದು ಕೋಣೆಗೋ ಒಂದು ಬೈಕಿಗೋ ಹತ್ತಿದ ಬೆಂಕಿಗೆ ದೊಡ್ಡ ಹೋಸ್ ಬಿಚ್ಚುವುದಿಲ್ಲ. ಗಾಡಿಯಲ್ಲೇ ಸುತ್ತಿಟ್ಟ ಸಣ್ಣ ಹೋಸ್ ರೀಲ್ ಎಳೆಯುತ್ತಾರೆ. ಅದರಲ್ಲಿ ನೀರಿನ ಖರ್ಚು ಕಾಲು ಭಾಗಕ್ಕೂ ಕಡಿಮೆ. ‘ಇಷ್ಟು ಸಣ್ಣ ಪೈಪಿನಿಂದ ಏನಾಗುತ್ತೆ’ ಅಂತ ಸುತ್ತ ನಿಂತ ಜನ ಕೂಗುತ್ತಾರೆ. ದಯವಿಟ್ಟು ಕೂಗಬೇಡಿ. ಅಲ್ಲಿರುವ ಸಿಬ್ಬಂದಿ ನೀರು ಉಳಿಸುತ್ತಿದ್ದಾರೆ.

ದೊಡ್ಡ ಹೋಸ್ 63 ಮಿಲಿಮೀಟರಿನದು. 15 ಮೀಟರಿನ ಒಂದು ತುಂಡು ತುಂಬಲು 47 ಲೀಟರ್ ಬೇಕು. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ ಗಾಡಿ ಒಳಗೆ ಹೋಗದೆ 150 ಮೀಟರ್ ದೂರದಲ್ಲೇ ನಿಂತಿತು ಅಂತಿಟ್ಟುಕೊಳ್ಳಿ. ಹತ್ತು ತುಂಡು ಜೋಡಿಸಬೇಕು. ಬೆಂಕಿಯ ಮೇಲೆ ಒಂದು ಹನಿ ಬೀಳುವ ಮೊದಲೇ 470 ಲೀಟರ್ ಹೋಸಿನೊಳಗೆ ಸೇರಿಹೋಯಿತು. ಅಂದರೆ ಟ್ಯಾಂಕಿನ ಹತ್ತರಲ್ಲೊಂದು ಪಾಲು. ಓಣಿಯ ಬಾಯಿಗೆ ಅಡ್ಡ ನಿಲ್ಲಿಸಿದ ಕಾರಿನ ಬೆಲೆ ಇದು. ಇನ್ನು ಮಹಡಿ ಏರಬೇಕಾದರೆ ಪ್ರತಿ ಹತ್ತು ಮೀಟರಿಗೆ ಒಂದು ಬಾರ್ ಒತ್ತಡ ಕಳೆಯುತ್ತದೆ.

ಹೋಸಿನ ಜೋಡಣೆಯೊಳಗೆ ಒಂದು ರಬ್ಬರ್ ವಾಶರ್ ಇರುತ್ತದೆ. ಅದು ಒಣಗಿ ಸೀಳಿದ್ದರೆ ಅಥವಾ ಬಿದ್ದುಹೋಗಿದ್ದರೆ ನೀರು ದಾರಿಯಲ್ಲೇ ಚಿಮ್ಮುತ್ತದೆ. ಠಾಣೆಯಲ್ಲಿ ಬೆಳಿಗ್ಗೆ ಪಾಳಿ ಬದಲಾದಾಗ ಬೆರಳು ಹಾಕಿ ಇದನ್ನು ತಡವಿ ನೋಡುವುದು ಯಾವ ಡ್ರಿಲ್‌ಗಿಂತಲೂ ಕಡಿಮೆಯ ಕೆಲಸವಲ್ಲ.

ಠಾಣಾಧಿಕಾರಿ ಬೆಂಕಿಯನ್ನು ಸುತ್ತಿ ನೋಡಿ ಎಲ್ಲಿಂದ ಹೊಡೆಯಬೇಕೆಂದು ತೀರ್ಮಾನಿಸುತ್ತಾರೆ. ಪ್ರಮುಖ ಅಗ್ನಿಶಾಮಕರು ತಂಡವನ್ನು ನಡೆಸುತ್ತಾರೆ. ಅಗ್ನಿಶಾಮಕರು ಇಬ್ಬಿಬ್ಬರಾಗಿ ಬ್ರ್ಯಾಂಚ್, ಅಂದರೆ ಹೋಸಿನ ತುದಿಯ ನಾಝಲ್ ಕೊಳವೆ ಹಿಡಿಯುತ್ತಾರೆ. ಚಾಲಕರ ಕೆಲಸ ಗಾಡಿ ನಿಲ್ಲಿಸಿದ ಮೇಲೆ ಶುರುವಾಗುತ್ತದೆ. ಪಂಪು ಅವರ ಕೈಯಲ್ಲಿ. ಒಳಗಿದ್ದವರಿಗೆ ಬೆಂಕಿ ಕಾಣುತ್ತದೆ, ಟ್ಯಾಂಕ್ ಕಾಣುವುದಿಲ್ಲ. ಅರ್ಧ ಆಯಿತು ಅಂತ ಹೇಳಬೇಕಾದವರು ಚಾಲಕರೇ. ಅಷ್ಟರೊಳಗೆ ಬೇರೆ ನೀರು ಸಿಕ್ಕಿರಬೇಕು.

ನೀರು ಎಲ್ಲಿ ಸಿಗುತ್ತದೆ? ಅವಳಿ ನಗರದ ಎಷ್ಟೋ ಬಡಾವಣೆಗಳಲ್ಲಿ ನಲ್ಲಿಗೆ ದಿನವೂ ನೀರು ಬರುವುದಿಲ್ಲ. ರಸ್ತೆಯ ಕೊಳವೆಯನ್ನು ನಂಬುವಂತಿಲ್ಲ. ಕೆರೆ, ಬಾವಿ, ಕಟ್ಟಡಗಳ ಸಂಪ್, ಇವೇ ಆಸರೆ. ಇಲ್ಲೊಂದು ಮಿತಿ ಇದೆ. ಪಂಪು ನೀರನ್ನು ಎಳೆಯುವುದಿಲ್ಲ, ನೀರಿಗೆ ಇಳಿಬಿಟ್ಟ ಸಕ್ಷನ್ ಹೋಸಿನೊಳಗಿನ ಗಾಳಿ ತೆಗೆಯುತ್ತದೆ. ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಲೆಕ್ಕದ ಪ್ರಕಾರ 10.3 ಮೀಟರ್ ಏರಬೇಕು. ಹುಬ್ಬಳ್ಳಿ-ಧಾರವಾಡ 650ರಿಂದ 750 ಮೀಟರ್ ಎತ್ತರದಲ್ಲಿರುವುದರಿಂದ ಅದು ಒಂಬತ್ತೂವರೆ ಮೀಟರಿಗೆ ಇಳಿಯುತ್ತದೆ. ಹೋಸಿನ ತಿಕ್ಕಾಟ ಕಳೆದು ಕೆಲಸಕ್ಕೆ ಬರುವುದು ಆರು ಮೀಟರ್, ಅಂದರೆ ಇಪ್ಪತ್ತು ಅಡಿ. ಗದಗ ಕಡೆ ‘ನಮ್ಮ ಹೊಲದಾಗ ದೊಡ್ಡ ಬಾವಿ ಐತ್ರಿ’ ಅಂತ ಕರೆದುಕೊಂಡು ಹೋಗುತ್ತಾರೆ, ನೀರು ನಲವತ್ತು ಅಡಿ ಕೆಳಗಿರುತ್ತದೆ. ಗಾಡಿಯ ಪಂಪಿಗೆ ಆ ನೀರು ಇದ್ದೂ ಇಲ್ಲ. ಅಂಥಲ್ಲಿ ನಿಮ್ಮ ಮೋಟಾರು ಹಚ್ಚಿ ಟ್ಯಾಂಕ್ ತುಂಬಿಸಿಕೊಡುವುದೇ ಸರಿ.

ಪಂಪು ಓಡುತ್ತಿದೆ, ನೀರು ಏರುತ್ತಿಲ್ಲ ಅಂದಾಗ ಚಾಲಕರು ನೋಡುವುದು ನಿರ್ವಾತದ ಗೇಜಿನ ಮುಳ್ಳನ್ನು. ಮುಳ್ಳು ಏಳುವುದೇ ಇಲ್ಲವೆಂದರೆ ಎಲ್ಲೋ ಗಾಳಿ ಒಳಬರುತ್ತಿದೆ: ಸಡಿಲ ಕಪ್ಲಿಂಗ್, ಹೋದ ವಾಶರ್, ಅಥವಾ ಸಕ್ಷನ್ ಹೋಸಿನ ತುದಿಯ ಜಾಲರಿ, ಅಂದರೆ ಸ್ಟ್ರೇನರ್, ನೀರಿನ ಮೇಲೆ ತೇಲುತ್ತಿದೆ. ಮುಳ್ಳು ಪೂರ್ತಿ ಎದ್ದರೂ ನೀರಿಲ್ಲವೆಂದರೆ ಸ್ಟ್ರೇನರ್ ಕಟ್ಟಿದೆ, ಇಲ್ಲವೇ ಆಳ ಹೆಚ್ಚಾಗಿದೆ. ಉಣಕಲ್ ಕೆರೆಯಂಥ ಕಡೆ ಅಂತರಗಂಗೆ ಬೆಳೆದಾಗ ಹೀಗಾಗುತ್ತದೆ. ಸ್ಟ್ರೇನರ್ ಮೇಲೆ ಬುಟ್ಟಿ ಕಟ್ಟಿ, ಎರಡು ಅಡಿಯಾದರೂ ಮುಳುಗಿಸಿ, ತಳದ ಕೆಸರಿಗೆ ತಾಗದಂತೆ ಹಗ್ಗದಿಂದ ಎತ್ತಿ ಹಿಡಿಯಬೇಕು.

ಅಂಗಡಿ, ಗಿರಣಿ, ಅಪಾರ್ಟ್‌ಮೆಂಟ್ ಇರುವವರು ಇದನ್ನು ಗಮನದಲ್ಲಿಡಿ. 10,000 ಲೀಟರಿನ ಸಂಪ್ ಅಂದರೆ ಎರಡು ಗಾಡಿಗೂ ಮೀರಿದ ನೀರು. ಅದರ ಮುಚ್ಚಳದ ಮೇಲೆ ಟೈಲ್ಸ್ ಹಾಕಬೇಡಿ, ಗಾಡಿ ನಿಲ್ಲಿಸಬೇಡಿ.

101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿದಾಗ ಏನು ಉರಿಯುತ್ತಿದೆ, ಒಳಗೆ ಜನ ಇದ್ದಾರಾ, ಹತ್ತಿರದ ಗುಡಿ, ಮಠ, ಸರ್ಕಲ್ ಯಾವುದು, ಇಷ್ಟನ್ನು ಹೇಳಿ. ಹತ್ತಿರ ನೀರು ಎಲ್ಲಿದೆ ಅನ್ನುವುದನ್ನೂ ಹೇಳಿ. ಒಬ್ಬರು ಮುಖ್ಯರಸ್ತೆಗೆ ಬಂದು ನಿಲ್ಲಿ. ಇನ್ನೊಬ್ಬರು 1912ಕ್ಕೆ ಕರೆಮಾಡಿ ಹೆಸ್ಕಾಂಗೆ ಕರೆಂಟ್ ತೆಗೆಯಲು ತಿಳಿಸಿ. ತಂತಿಯಲ್ಲಿ ವಿದ್ಯುತ್ ಇದೆಯೋ ಇಲ್ಲವೋ ಖಾತ್ರಿಯಾಗದೆ ಅದರ ಮೇಲೆ ನೀರು ಬೀಳುವಂತೆ ಹೊಡೆದರೆ, ಬ್ರ್ಯಾಂಚ್ ಹಿಡಿದವರಿಗೇ ಶಾಕ್.

ಹೊಗೆಯೊಳಗೆ ಹೋಗುವವರ ಬೆನ್ನಿನ ಸಿಲಿಂಡರಿನಲ್ಲಿರುವುದು ಬರೀ ಗಾಳಿ, ಆಕ್ಸಿಜನ್ ಅಲ್ಲ. 6 ಲೀಟರಿನ ಸಿಲಿಂಡರ್, 300 ಬಾರ್, ಒಟ್ಟು 1800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರಿನಂತೆ 45 ನಿಮಿಷ ಅಂತ ಲೆಕ್ಕ. ಮೆಟ್ಟಿಲೇರಿ, ಜನರನ್ನು ಹೊತ್ತು ತರುವಾಗ ಅರ್ಧ ಗಂಟೆಯೂ ಸಿಗುವುದಿಲ್ಲ. 50 ಬಾರಿನ ಹತ್ತಿರ ಸೀಟಿ ಊದುತ್ತದೆ. ಆಗ ಹೊರಬರಲೇಬೇಕು.

ಇನ್ನು ನಮ್ಮ ಸೀಮೆಯ ಬೆಂಕಿ, ಹತ್ತಿಯದು. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಗಿರಣಿಯಲ್ಲಿ ಹತ್ತಿಯೊಳಗಿನ ಕಲ್ಲೋ ಮೊಳೆಯೋ ಯಂತ್ರದ ಲೋಹಕ್ಕೆ ತಾಗಿ ಕಿಡಿ ಹಾರುತ್ತದೆ. ಆ ಕಿಡಿ ಅರಳೆಯೊಂದಿಗೆ ಪ್ರೆಸ್ಸಿಗೆ ಹೋಗಿ 170 ಕಿಲೋ ಬೇಲಿನ, ಅಂದರೆ ಒತ್ತಿ ಪಟ್ಟಿ ಕಟ್ಟಿದ ಅರಳೆಯ ಮೂಟೆಯ, ನಡುವೆ ಕೂತುಬಿಡುತ್ತದೆ. ಹೊರಗೆ ಹೊಗೆಯಿಲ್ಲ, ಒಳಗೆ ದಿನಗಟ್ಟಲೆ ಕನಲುತ್ತದೆ. ಮೇಲೆ ಎಷ್ಟು ನೀರು ಹೊಡೆದರೂ ಒಳಗೆ ಇಳಿಯುವುದಿಲ್ಲ, ಎಳೆಯ ಮೇಲಿನ ಮೇಣ ನೀರನ್ನು ಜಾರಿಸುತ್ತದೆ. ಅದಕ್ಕೆ ನೀರಿಗೆ ನೊರೆಯ ದ್ರಾವಣ ಸ್ವಲ್ಪ ಸೇರಿಸುತ್ತಾರೆ. ಬೇಲನ್ನು ಕೊಕ್ಕೆಯಿಂದ ಬಯಲಿಗೆ ಎಳೆದು, ಹೋಸ್ ಸಿದ್ಧವಾಗಿಟ್ಟುಕೊಂಡೇ ಪಟ್ಟಿ ಕತ್ತರಿಸುತ್ತಾರೆ. ಪಟ್ಟಿ ಬಿಚ್ಚಿದ ಕೂಡಲೇ ಗಾಳಿ ಸಿಕ್ಕು ಭಗ್ಗನೆ ಏಳುತ್ತದೆ. ತೊಯ್ದ ಬೇಲ್ ಉಬ್ಬುತ್ತದೆ, ಸಾಲು ವಾಲುತ್ತದೆ. ಗೋಡೆಗೆ ಒತ್ತಿ ಪೇರಿಸಿದ್ದರೆ ಗೋಡೆಯನ್ನೇ ತಳ್ಳುತ್ತದೆ. ಗೋಡೆಗೂ ಸಾಲಿಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗ ಬಿಡಿ ಅಂತ ಠಾಣೆಯವರು ಹೇಳುವುದು ಇದಕ್ಕೇ.

ಬೆಂಕಿ ಆರಿತು ಅಂತ ಗಾಡಿ ಹೋದ ಮೇಲೂ ಆ ಬೇಲುಗಳನ್ನು ಗೋದಾಮಿನೊಳಗೆ ಮರಳಿ ಇಡಬೇಡಿ. ಬಯಲಲ್ಲಿ ಒಂದೊಂದನ್ನೂ ಬೇರೆಯಾಗಿಟ್ಟು ಕೆಲವು ದಿನ ಕಾಯಿರಿ. ಬೆಳಿಗ್ಗೆ ಸಂಜೆ ಕೈಯಿಟ್ಟು ನೋಡಿ. ಬಿಸಿ ತಗಲಿದರೆ, ಸುಟ್ಟ ವಾಸನೆ ಬಂದರೆ, ನೀವೇ ಪಟ್ಟಿ ಕತ್ತರಿಸದೆ ಮತ್ತೆ 101ಕ್ಕೆ ಫೋನ್ ಮಾಡಿ. ನಮಸ್ಕಾರ.