ಬಿಳಿ-ನೀಲಿ ಬಾವುಟದ ಪುಟ್ಟ ಪಕ್ಷ

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಬೇರೆ ರಾಜ್ಯದಿಂದ ಬವೇರಿಯಾಕ್ಕೆ ಹೋಗುವಾಗ ಗಡಿಯಲ್ಲಿ ಒಂದು ಫಲಕ ಕಾಣುತ್ತದೆ. ‘ಫ್ರೈಸ್ಟಾಟ್ ಬಯರ್ನ್’ ಎಂದು ಬರೆದಿರುತ್ತದೆ. ಪದ ಬಿಡಿಸಿದರೆ ‘ಸ್ವತಂತ್ರ ನಾಡು’. ಆದರೆ ಇದು 1918ರಲ್ಲಿ ರಾಜನನ್ನು ಇಳಿಸಿದಾಗ ಬಂದ ಹೆಸರು. ರಾಜನಿಲ್ಲದ ನಾಡು ಅನ್ನುವುದಷ್ಟೇ ಅದರ ಅರ್ಥ. ಇಲ್ಲ, ನಾವು ನಿಜವಾಗಿಯೂ ಸ್ವತಂತ್ರರಾಗಬೇಕು ಅನ್ನುವ ಪಕ್ಷವೊಂದು ಅಲ್ಲಿದೆ. ಅದೇ ಬಯರ್ನ್‌ಪಾರ್ಟೈ, ಅಂದರೆ ಬವೇರಿಯಾ ಪಕ್ಷ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಈ ಪಕ್ಷ ಹುಟ್ಟಿದ್ದು 1946ರಲ್ಲಿ, ಮ್ಯೂನಿಕ್‌ನಲ್ಲಿ. ಯುದ್ಧ ಮುಗಿದು ಎಲ್ಲವೂ ಹಾಳಾಗಿದ್ದ ಕಾಲ. ಪೂರ್ವದಿಂದ ಲಕ್ಷಾಂತರ ನಿರಾಶ್ರಿತರು ಬಂದು ಸೇರಿದ್ದರು. ಬರ್ಲಿನ್‌ನ ಸಹವಾಸದಿಂದಲೇ ನಮಗೆ ಈ ಗತಿ ಬಂತು ಎಂದು ಅಲ್ಲಿನ ಬಹಳ ಜನ ನಂಬಿದ್ದರು. 1949ರ ಮೇ ತಿಂಗಳಲ್ಲಿ ಹೊಸ ಸಂವಿಧಾನ ಒಪ್ಪಿಗೆಗೆ ಬಂದಾಗ ಬವೇರಿಯಾದ ಶಾಸನಸಭೆ ಬೇಡ ಎಂದಿತು. ಬೇಡ ಅಂದವರು 101, ಬೇಕು ಅಂದವರು 63. ಮೂರರಲ್ಲಿ ಎರಡು ಪಾಲು ರಾಜ್ಯಗಳು ಒಪ್ಪಿದರೆ ನಾವೂ ಬದ್ಧ ಎಂದೂ ಅದೇ ಸಭೆ ತೀರ್ಮಾನಿಸಿತು. ಬೇಡ ಅಂದರೂ ಒಳಗೇ ಉಳಿದರು!

ಆ ವರ್ಷದ ಆಗಸ್ಟ್‌ನಲ್ಲಿ ಬಯರ್ನ್‌ಪಾರ್ಟೈ ಬವೇರಿಯಾದಲ್ಲಿ ಶೇ. 20ಕ್ಕಿಂತ ಜಾಸ್ತಿ ಮತ ಪಡೆದು ಕೇಂದ್ರದ ಸಂಸತ್ತಿನಲ್ಲಿ 17 ಸ್ಥಾನ ಗೆದ್ದಿತು. ಆಗ ಸಂಸತ್ತಿಗೆ ಹೋಗಲು ಒಂದು ರಾಜ್ಯದಲ್ಲಿ ಶೇ. 5 ಮತ ಬಂದರೆ ಸಾಕಿತ್ತು. 1953ರಲ್ಲಿ ನಿಯಮ ಬದಲಾಯಿತು. ಇಡೀ ದೇಶದ ಲೆಕ್ಕದಲ್ಲಿ ಶೇ. 5 ಬೇಕು, ಇಲ್ಲವೇ ಒಂದು ಕ್ಷೇತ್ರವನ್ನಾದರೂ ನೇರವಾಗಿ ಗೆಲ್ಲಬೇಕು. ಒಂದೇ ರಾಜ್ಯದಲ್ಲಿ ನಿಲ್ಲುವ ಪಕ್ಷ ಇಡೀ ದೇಶದ ಶೇ. 5 ಎಲ್ಲಿಂದ ತರಬೇಕು? ಬಂದಿದ್ದು ಶೇ. 1.7. ಕ್ಷೇತ್ರವೂ ಕೈಗೆ ಸಿಗಲಿಲ್ಲ. ಅಲ್ಲಿಗೆ ಸಂಸತ್ತಿನ ಬಾಗಿಲು ಮುಚ್ಚಿತು. ಇದು ನನಗೆ ಇವತ್ತಿಗೂ ನ್ಯಾಯ ಅನ್ನಿಸುವುದಿಲ್ಲ.

ಹಾಗಂತ ತಪ್ಪೆಲ್ಲ ನಿಯಮದ್ದೇ ಅಲ್ಲ. 1954ರಲ್ಲಿ ಪಕ್ಷ ರಾಜ್ಯ ಸರ್ಕಾರದಲ್ಲಿ ಪಾಲುದಾರನಾಯಿತು. ನಾಯಕ ಯೋಸೆಫ್ ಬೌಮ್‌ಗಾರ್ಟ್‌ನರ್ ಉಪಮುಖ್ಯಮಂತ್ರಿಯಾದರು. ಜೂಜು ಕೇಂದ್ರಗಳಿಗೆ ಪರವಾನಗಿ ಕೊಟ್ಟ ಹಗರಣದಲ್ಲಿ, ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ 1959ರಲ್ಲಿ ಅವರಿಗೆ ಎರಡು ವರ್ಷ ಶಿಕ್ಷೆಯಾಯಿತು. ಪಕ್ಷದ ಮಾನ ಹೋಯಿತು. ಅಷ್ಟರಲ್ಲಿ ಬವೇರಿಯಾದ ದೊಡ್ಡ ಸಂಪ್ರದಾಯವಾದಿ ಪಕ್ಷವಾದ ಸಿಎಸ್‌ಯು ಅದೇ ರೈತರನ್ನು, ಅದೇ ನಾಡಪ್ರೀತಿಯನ್ನು ತನ್ನದಾಗಿಸಿಕೊಂಡಿತ್ತು. ನಾವು ಬೇರೆ ಅನ್ನುವ ಹೆಮ್ಮೆ ಪ್ರತ್ಯೇಕ ಆಗದೆಯೇ ಸಿಗುವಾಗ ಜನ ಇವರಿಗೆ ಯಾಕೆ ಮತ ಹಾಕುತ್ತಾರೆ, ಅಲ್ವಾ? 1966ರಲ್ಲಿ ಶಾಸನಸಭೆಯಿಂದಲೂ ಹೊರಬಿದ್ದರು.

2016ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ರಾಜ್ಯಗಳು ದೇಶ ಬಿಟ್ಟು ಹೋಗಲು ಸಂವಿಧಾನದಲ್ಲಿ ಅವಕಾಶವಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆದರೂ ಪಕ್ಷ ಬಹಿರಂಗವಾಗಿಯೇ ಚುನಾವಣೆಗೆ ನಿಲ್ಲುತ್ತಿದೆ. ಬವೇರಿಯಾ ಬೇರೆಯಾಗಲಿ ಎಂದು ನಾನು ಬಯಸುವವನಲ್ಲ. ಆದರೆ ಹಾಗೆ ಕೇಳುವವರ ಹೆಸರೂ ಮತಪತ್ರದಲ್ಲಿ ಇರುವುದು ನನಗೆ ಇಷ್ಟ. ಬವೇರಿಯಾದ ಏಳು ವಿಭಾಗಗಳಿಗೂ ಒಂದೊಂದು ಸಭೆ ಇದೆ. ಆ ಚುನಾವಣೆಗೆ ಶೇ. 5ರ ಗೋಡೆ ಇಲ್ಲ. ಅಲ್ಲಿ ಈ ಪಕ್ಷದವರು ಆಗಾಗ ಒಂದೆರಡು ಸ್ಥಾನ ಗೆದ್ದು ಕೂತಿದ್ದಾರೆ.